ಸಾಲ ಒಟ್ಟುಗೂಡಿಸೋಕೆ ಬ್ಯಾಂಕ್ ಒಪ್ಪಲಿಲ್ಲ, ಮುಂದೆ ನಾನು ಮಾಡಿದ್ದು

ದಾವಣಗೆರೆ ಕೆ.ಟಿ.ಜೆ. ನಗರದಲ್ಲಿ ನನ್ನದೊಂದು ಹೊಲಿಗೆ ಅಂಗಡಿ ಇದೆ. ಬ್ಲೌಸ್, ಸ್ಕೂಲ್ ಯೂನಿಫಾರ್ಮ್ ಹೊಲಿಯುತ್ತೇನೆ. ತಲೆ ಮೇಲೆ ನಾಲ್ಕು ಸಾಲ ಇದ್ದವು. ಕ್ರೆಡಿಟ್ ಕಾರ್ಡಿನದು 85,000. ಓವರ್‌ಲಾಕ್ ಮಷಿನ್‌ಗೆ ಫೈನಾನ್ಸ್‌ನಲ್ಲಿ ತೆಗೆದದ್ದು ಒಂದು, ಮೊಬೈಲ್ ಆ್ಯಪ್‌ನದು ಒಂದು, ಇನ್ನೊಂದು ದುಗ್ಗಮ್ಮನ ಜಾತ್ರೆಗೆ ಮಾಡಿದ ಕೈಸಾಲ. ಎರಡು ವರ್ಷಕ್ಕೊಮ್ಮೆ ಬರುವ ಜಾತ್ರೆಗೆ ನೆಂಟರು ಬಂದಾಗ ಖರ್ಚು ಹೇಗೆ ಏರುತ್ತದೆ ಅಂತ ನಮ್ಮೂರಿನವರಿಗೆ ಹೇಳಬೇಕಾಗಿಲ್ಲ. ಎಲ್ಲ ಸೇರಿ ಮೂರು ಲಕ್ಷದ ಆಸುಪಾಸು.

ಒಂದೇ ದೊಡ್ಡ ಸಾಲ ತೆಗೆದು ನಾಲ್ಕನ್ನೂ ತೀರಿಸಿ, ತಿಂಗಳಿಗೆ ಒಂದೇ ಕಂತು ಕಟ್ಟೋಣ ಅಂತ ಬ್ಯಾಂಕಿಗೆ ಅರ್ಜಿ ಕೊಟ್ಟೆ. ಅಲ್ಲಿಯ ಅಧಿಕಾರಿ ಕಂಪ್ಯೂಟರ್ ನೋಡಿ, 'ಮೇಡಂ, ನಿಮ್ಮ ಸಿಬಿಲ್ 600 ಕೂಡ ಇಲ್ಲ, ಸಿಸ್ಟಮ್ಮೇ ತಗೊಳ್ಳಲ್ಲ' ಅಂದರು. ಸಿಬಿಲ್ ಅಂದರೆ ಹಿಂದಿನ ಸಾಲಗಳನ್ನು ನಾವು ಹೇಗೆ ಕಟ್ಟಿದ್ದೇವೆ ಅಂತ ನೋಡಿ ಕೊಡುವ ಸ್ಕೋರ್, ಅದು 300ರಿಂದ 900ರವರೆಗೆ ಇರುತ್ತದೆ. 750 ದಾಟಿದ್ದರೆ ಸಾಲ ಸಿಗುವುದು ಸುಲಭ ಅಂತಲೂ ಅವರೇ ಹೇಳಿದರು.

ಇಲ್ಲಿ ಒಂದು ಮಾತು. ಒಂದು ಬ್ಯಾಂಕ್ ಆಗಲ್ಲ ಅಂದ ಕೂಡಲೇ ಪಕ್ಕದ ಬ್ಯಾಂಕಿಗೆ ಓಡಬೇಡಿ. ಅರ್ಜಿ ಕೊಟ್ಟಾಗಲೆಲ್ಲ ಅವರು ನಿಮ್ಮ ಸಾಲಗಳ ವಿವರ ಇರುವ ಕ್ರೆಡಿಟ್ ರಿಪೋರ್ಟ್ ತೆಗೆಯುತ್ತಾರೆ, ಅದು ಎನ್‌ಕ್ವೈರಿ ಅಂತ ದಾಖಲಾಗುತ್ತದೆ, ಮುಂದಿನವರು ಅದನ್ನು ನೋಡಿ 'ಈಯಮ್ಮ ಎಲ್ಲ ಕಡೆ ಸಾಲ ಕೇಳ್ತಿದ್ದಾಳೆ' ಅಂದುಕೊಳ್ಳುತ್ತಾರೆ. ನಮ್ಮ ರಿಪೋರ್ಟ್ ನಾವೇ ನೋಡಿಕೊಂಡರೆ ಸ್ಕೋರಿಗೆ ಏನೂ ಆಗುವುದಿಲ್ಲ. ಸಿಬಿಲ್, ಎಕ್ಸ್‌ಪೀರಿಯನ್, ಈಕ್ವಿಫ್ಯಾಕ್ಸ್, ಕ್ರಿಫ್ ಹೈ ಮಾರ್ಕ್ ಅಂತ ಈ ರಿಪೋರ್ಟ್ ಮಾಡುವ ನಾಲ್ಕು ಕಂಪನಿಗಳಿವೆ. ವರ್ಷಕ್ಕೊಂದು ಪೂರ್ತಿ ರಿಪೋರ್ಟನ್ನು ನಾಲ್ಕೂ ಪುಕ್ಕಟೆ ಕೊಡಲೇಬೇಕು, ಅದು ರಿಸರ್ವ್ ಬ್ಯಾಂಕ್ ನಿಯಮ.

ಪ್ರಿಂಟ್ ತೆಗೆದು ಕಟಿಂಗ್ ಟೇಬಲ್ ಮೇಲೆ ಹರಡಿಕೊಂಡು, ಬಟ್ಟೆಗೆ ಗುರುತು ಹಾಕುವ ಚಾಕ್‌ಪೀಸಲ್ಲೇ ಗೆರೆ ಎಳೆಯುತ್ತಾ ಓದಿದೆ. ಪ್ರತಿ ಸಾಲದ ಕೆಳಗೆ ತಿಂಗಳವಾರು ಸಣ್ಣ ಸಣ್ಣ ಚೌಕಗಳಿರುತ್ತವೆ. ಕಂತು ಎಷ್ಟು ದಿನ ತಡವಾಯಿತು ಅಂತ ಅದರಲ್ಲಿ ಬರೆದಿರುತ್ತದೆ. ಕಾರ್ಡಿನ ಚೌಕದಲ್ಲಿ 30, 60 ಅಂತ ಇತ್ತು, ಅದು ನಿಜವೇ. ಆದರೆ ಯಾವತ್ತೋ ತೀರಿಸಿ ಎನ್‌ಒಸಿ (ಸಾಲ ತೀರಿದೆ ಅನ್ನುವ ಪತ್ರ) ತಗೊಂಡಿದ್ದ ಸ್ಕೂಟಿ ಸಾಲ ಇನ್ನೂ ಬಾಕಿ ಅಂತ ಕೂತಿತ್ತು!

ರಿಪೋರ್ಟ್ ಕೊಟ್ಟ ಕಂಪನಿಯ ವೆಬ್‌ಸೈಟಲ್ಲೇ ತಕರಾರು ಹಾಕಿದೆ, ದುಡ್ಡೇನೂ ಕೊಡಬೇಕಾಗಿಲ್ಲ. ಎನ್‌ಒಸಿ ಫೋಟೊ ಇಟ್ಟು ಆ ಫೈನಾನ್ಸ್‌ನವರಿಗೂ ಮೇಲ್ ಕಳಿಸಿದೆ. 30 ದಿನದೊಳಗೆ ಬಗೆಹರಿಸದಿದ್ದರೆ ಆಮೇಲೆ ದಿನಕ್ಕೆ 100 ರೂಪಾಯಿ ಪರಿಹಾರ ಕೊಡಬೇಕು ಅನ್ನುವ ನಿಯಮ 2024ರ ಏಪ್ರಿಲ್‌ನಿಂದ ಇದೆ. ಅದನ್ನೂ ಮೇಲ್‌ನಲ್ಲಿ ಬರೆದೆ. ಸರಿಹೋಯಿತು. ಈ ನಡುವೆ ಒಬ್ಬ ಏಜೆಂಟ್ 'ದುಡ್ಡು ಕೊಡಿ, ಸಿಬಿಲ್ ಏರಿಸಿಕೊಡ್ತೀನಿ' ಅಂತ ಬಂದಿದ್ದ. ಅಂಥವರಿಗೆ ಒಂದು ಪೈಸೆಯನ್ನೂ ಕೊಡಬೇಡಿ. ತಪ್ಪಿದ್ದರೆ ನಾವೇ ತಿದ್ದಿಸಬಹುದು, ನಿಜವಾದ ಬಾಕಿಯನ್ನು ಯಾರೂ ಅಳಿಸೋಕೆ ಆಗಲ್ಲ.

ಇನ್ನು ಸಾಲದ ವಿಷಯ. ನನ್ನ ಕಾರ್ಡಿಗೆ ತಿಂಗಳಿಗೆ ಶೇಕಡ 3.5 ಬಡ್ಡಿ. 85,000ಕ್ಕೆ 2,975 ಆಯಿತು, ಅದರ ಮೇಲೆ 18% ಜಿಎಸ್‌ಟಿ, ಅಲ್ಲಿಗೆ ಮೂರೂವರೆ ಸಾವಿರ. ಮಿನಿಮಮ್ ಡ್ಯೂ, ಅಂದರೆ ತಿಂಗಳಿಗೆ ಕಡಿಮೆಯೆಂದರೂ ಕಟ್ಟಲೇಬೇಕಾದದ್ದು, ಅಂತ ನಾಲ್ಕೂಕಾಲು ಸಾವಿರ ಕಟ್ಟುತ್ತಿದ್ದೆ, ಅಂದರೆ ಅಸಲಿಗೆ ಹೋಗುತ್ತಿದ್ದದ್ದು ಬರೀ ಏಳುನೂರು ಚಿಲ್ಲರೆ. ಹೀಗೆ ಕಟ್ಟಿದರೆ ಯಾವ ಜನ್ಮಕ್ಕೆ ತೀರುತ್ತದೆ, ಹೇಳಿ?

ಬಳೆ ಅಡ ಇಡುವ ತೀರ್ಮಾನ ನನ್ನದೇ. ಅತ್ತೆಗೆ ಇಷ್ಟವಿರಲಿಲ್ಲ, 'ಮನೆ ಲಕ್ಷ್ಮೀನ ಹೊರಗಿಡ್ತೀಯೇನಮ್ಮಾ' ಅಂದರು. ಲೆಕ್ಕ ಬರೆದು ತೋರಿಸಿದೆ. ಅಷ್ಟೇ ದುಡ್ಡಿಗೆ ಚಿನ್ನದ ಸಾಲದಲ್ಲಿ, ವರ್ಷಕ್ಕೆ ಶೇಕಡ 10 ಅಂತ ಹಿಡಿದರೂ, ತಿಂಗಳಿಗೆ ಏಳುನೂರು ರೂಪಾಯಿ ಬಡ್ಡಿ. ಅತ್ತೆ ಆಮೇಲೆ ಮಾತಾಡಲಿಲ್ಲ, ಬಳೆ ಅವರೇ ತಂದುಕೊಟ್ಟರು. ಚಿನ್ನ ಇಟ್ಟರೆ ಸಿಬಿಲ್‌ಗೆ ಅಷ್ಟಾಗಿ ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಬಡ್ಡಿ ಕಟ್ಟದಿದ್ದರೆ ಹರಾಜಿಗೆ ಹೋಗುತ್ತದೆ, ಅದು ನೆನಪಿರಲಿ. ಬಂದ ದುಡ್ಡಿನಲ್ಲಿ ಕಾರ್ಡ್ ಪೂರ್ತಿ ಕಟ್ಟಿದೆ. ಅದಕ್ಕೂ ಮೊದಲು ಕಾರ್ಡ್‌ನವರು '50,000 ಕೊಡಿ, ಸೆಟಲ್ ಮಾಡಿಬಿಡೋಣ' ಅಂದಿದ್ದರು. ಒಪ್ಪಲಿಲ್ಲ. ಹಾಗೆ ಮಾಡಿದರೆ ರಿಪೋರ್ಟಲ್ಲಿ 'ಕ್ಲೋಸ್ಡ್' ಬದಲು 'ಸೆಟಲ್ಡ್' ಅಂತ ಬರುತ್ತದೆ, ಮುಂದೆ ಸಾಲ ಕೊಡುವವರು ಅದನ್ನು ಪೂರ್ತಿ ಕಟ್ಟದ ಸಾಲ ಅಂತಲೇ ಓದುತ್ತಾರೆ. ಕಟ್ಟೋಕೆ ದಾರಿಯೇ ಇಲ್ಲದವರು ಸೆಟಲ್ ಮಾಡಿಕೊಳ್ಳಲಿ, ಮೀಟರ್ ಬಡ್ಡಿಗೆ ಹೋಗುವುದಕ್ಕಿಂತ ಅದು ಸಾವಿರ ಪಾಲು ಮೇಲು.

ಆ್ಯಪ್ ಸಾಲದವರ ಕಾಟ ಬೇರೆ. ವಸೂಲಿಗೆ ಬೆಳಗ್ಗೆ 8ಕ್ಕಿಂತ ಮೊದಲು, ಸಂಜೆ 7ರ ಮೇಲೆ ಫೋನ್ ಮಾಡುವಂತಿಲ್ಲ. ರಿಸರ್ವ್ ಬ್ಯಾಂಕಿನ 14448ಕ್ಕೆ ದೂರು ಕೊಡುತ್ತೇನೆ ಅಂದ ಮೇಲೆ ದನಿ ಇಳಿಯಿತು. ಮೇ, ಜೂನ್‌ನ ಯೂನಿಫಾರ್ಮ್ ದುಡ್ಡು ಬಂದಾಗ ಮೊದಲು ಅದನ್ನೇ ತೀರಿಸಿದೆ, ಆಮೇಲೆ ಕೈಸಾಲ. ಮಷಿನ್ ಕಂತು ತಪ್ಪಿಸದೆ ಕಟ್ಟುತ್ತಿದ್ದೇನೆ. ಸ್ಕೋರ್ ಈಗ 700 ದಾಟಿದೆ.

ಸಾಲ ಮುಗಿದಾಗ ನೋ ಡ್ಯೂ ಪತ್ರ ಕೇಳಿ ತಗೊಳ್ಳಿ, ಕಾಗದ ಕಳೆದುಹೋಗಬಹುದು, ಫೋಟೊ ತೆಗೆದು ಮೇಲ್‌ನಲ್ಲೂ ಇಟ್ಟುಕೊಳ್ಳಿ. ಗಾಡಿ ಸಾಲ ಆದರೆ ಎನ್‌ಒಸಿ ಜೊತೆ ಫಾರಂ 35 ಕೊಟ್ಟು ಆರ್‌ಟಿಒದಲ್ಲಿ ಆರ್‌ಸಿ ಮೇಲಿನ ಫೈನಾನ್ಸ್ ಹೆಸರನ್ನೂ ತೆಗೆಸಿ.