ಉಪ್ಪಿನ ಪಾಕೀಟಿನ ಮೇಲೆ ಬರೆದ ತಾರೀಖು

ವಿಜಯಪುರದಲ್ಲಿ ನರ್ಸಿಂಗ್ ವಿದ್ಯಾರ್ಥಿಗಳಿಗೆ ಸಮುದಾಯ ಆರೋಗ್ಯ ಶುಶ್ರೂಷೆಯನ್ನು ಕಲಿಸುತ್ತಿರುವ ನಾನು, ಅಧಿಕ ರಕ್ತದೊತ್ತಡವನ್ನು ಬಹಳ ವರ್ಷ ಸುಲಭದ ಪಾಠವೆಂದೇ ಎಣಿಸಿದ್ದೆ. ಬೇರೆ ಬೇರೆ ದಿನ ಅಳೆದಾಗಲೂ 140/90 ಅಥವಾ ಅದಕ್ಕಿಂತ ಹೆಚ್ಚು ಬಂದರೆ ಅದು ಅಧಿಕ ರಕ್ತದೊತ್ತಡ. ದಿನದ ಉಪ್ಪು 5 ಗ್ರಾಮಿಗಿಂತ ಕಡಿಮೆ ಇರಬೇಕೆಂಬುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ವಾರಕ್ಕೆ ಕನಿಷ್ಠ 150 ನಿಮಿಷ ಚುರುಕಾಗಿ ನಡೆಯಬೇಕು. ಇಷ್ಟನ್ನು ಪರೀಕ್ಷೆಯಲ್ಲಿ ತಪ್ಪು ಬರೆದವರು ನನಗೆ ಸಿಕ್ಕಿದ್ದು ಅಪರೂಪ. ಆ ಉತ್ತರಪತ್ರಿಕೆಗಳನ್ನು ನಂಬಿ ಕುಳಿತದ್ದು ನನ್ನ ತಪ್ಪು.

ಅದು ಗೊತ್ತಾದದ್ದು ಹಳ್ಳಿಯೊಂದಕ್ಕೆ ಮನೆ ಭೇಟಿಗೆ ಹೋದಾಗ. ವಿದ್ಯಾರ್ಥಿನಿಯೊಬ್ಬಳು ಅಡುಗೆಮನೆಯ ಬಾಗಿಲಲ್ಲಿ ಕುಳಿತು, ರೊಟ್ಟಿ ಬಡಿಯುತ್ತಿದ್ದ ಹಿರಿಯ ಹೆಂಗಸಿಗೆ ಉಪ್ಪು ಕಡಿಮೆ ಮಾಡಬೇಕೆಂದು ತಿಳಿಹೇಳಿದಳು. ಆಕೆ ಕೈ ನಿಲ್ಲಿಸದೆ, "ಯವ್ವಾ, ರೊಟ್ಟಿಗಿ ನಾವು ಉಪ್ಪ ಹಾಕಂಗಿಲ್ಲ. ಇನ್ನ ಎಲ್ಲಿದು ಕಡಿಮಿ ಮಾಡ್ಲಿ?" ಎಂದರು. ನಮ್ಮ ಹುಡುಗಿಯ ಬಳಿ ಉತ್ತರವಿರಲಿಲ್ಲ. ನಿಜ ಹೇಳಬೇಕೆಂದರೆ, ಆ ಕ್ಷಣಕ್ಕೆ ನನ್ನ ಬಳಿಯೂ ಇರಲಿಲ್ಲ. ಉತ್ತರ ನಮ್ಮ ಎದುರಿನ ಮಾಡದಲ್ಲಿಯೇ ಇತ್ತು: ಶೇಂಗಾ ಹಿಂಡಿ, ಅಗಸಿ ಹಿಂಡಿ ಎಂಬ ಚಟ್ನಿಪುಡಿಗಳು, ಕೆಂಪು ಖಾರ, ಉಪ್ಪಿನಕಾಯಿ. ಸಪ್ಪೆ ರೊಟ್ಟಿಯ ಜೊತೆಗೆ ಮೂರು ಹೊತ್ತೂ ತಿನ್ನುವ ಉಪ್ಪು ಅಲ್ಲಿತ್ತು.

ಮರುವಾರದಿಂದ ನಾನು ಉಪದೇಶವನ್ನು ಬಿಟ್ಟು ಲೆಕ್ಕವನ್ನು ಕಲಿಸತೊಡಗಿದೆ. ಮನೆಯಲ್ಲಿ ಎಷ್ಟು ಜನ ಉಣ್ಣುತ್ತಾರೆ, ಒಂದು ಕಿಲೋ ಉಪ್ಪಿನ ಪಾಕೀಟು ಎಷ್ಟು ದಿನ ಬರುತ್ತದೆ ಎಂಬ ಎರಡೇ ಪ್ರಶ್ನೆ ಸಾಕು. ನಾಲ್ಕು ಜನರಿಗೆ ತಲಾ 5 ಗ್ರಾಮಿನಂತೆ ತಿಂಗಳಿಗೆ 600 ಗ್ರಾಂ ಆಗಬೇಕು. ಆ ಅಜ್ಜಿಯ ಮನೆಯಲ್ಲಿ ನಾಲ್ಕು ಮಂದಿಗೆ ಒಂದು ಕಿಲೋ ಇಪ್ಪತ್ತೈದು ದಿನಕ್ಕೆ ಮುಗಿಯುತ್ತಿತ್ತು, ಅಂದರೆ ತಲೆಗೆ 10 ಗ್ರಾಂ. ಚೆಲ್ಲಿದ್ದು, ನೀರಿನೊಂದಿಗೆ ಬಸಿದು ಹೋದದ್ದು ಇದರಲ್ಲಿ ಸೇರಿರುತ್ತದೆ ಎಂಬುದು ನಿಜ. ಆದರೆ ಅಂಗಡಿಯ ಚೂಡಾ, ಮಿರ್ಚಿ ಭಜಿಗಳ ಉಪ್ಪು ಸೇರಿರುವುದಿಲ್ಲ. ಹಿಂಡಿಯನ್ನು ಕುಟ್ಟುವಾಗಲೇ ಉಪ್ಪನ್ನು ಅರ್ಧಕ್ಕೆ ಇಳಿಸಿ ಬೆಳ್ಳುಳ್ಳಿ, ಜೀರಿಗೆ ಹೆಚ್ಚಿಸುವ ಸಲಹೆಯನ್ನು ಮಾತ್ರ ಆ ಅಜ್ಜಿ ಒಪ್ಪಿದರು. ಉಪ್ಪಿನಕಾಯಿಯ ಮಾತನ್ನು ಒಪ್ಪಲಿಲ್ಲ.

ಇದೇ ಲೆಕ್ಕವನ್ನು ತಮ್ಮ ಮೇಲೆ ಮಾಡಿಕೊಳ್ಳಿರೆಂದು ವಿದ್ಯಾರ್ಥಿನಿಯರಿಗೆ ಹೇಳಿದಾಗ ತರಗತಿಯಲ್ಲಿ ನಗು ಎದ್ದಿತು, ಏಕೆಂದರೆ ಹಾಸ್ಟೆಲಿನ ಪ್ರತಿ ಟ್ರಂಕಿನಲ್ಲಿಯೂ ಊರಿನಿಂದ ತಂದ ಹಿಂಡಿಯ ಡಬ್ಬಿ ಇತ್ತು. ಕಳೆದ ಆರು ತಿಂಗಳಲ್ಲಿ ತಮ್ಮ ರಕ್ತದೊತ್ತಡವನ್ನು ಅಳೆಸಿಕೊಂಡವರು ಕೈ ಎತ್ತಿರೆಂದೆ. ದಿನಕ್ಕೆ ಹತ್ತಾರು ರೋಗಿಗಳ ತೋಳಿಗೆ ಗಾಳಿ ತುಂಬುವ ಪಟ್ಟಿ (ಕಫ್) ಕಟ್ಟುವ ಆ ಕೈಗಳಲ್ಲಿ ಮೇಲೆದ್ದವು ಮೂರೋ ನಾಲ್ಕೋ.

ಅಳೆಯುವ ಕ್ರಮದಲ್ಲಿಯೂ ದೋಷವಿತ್ತು. ವಿದ್ಯಾರ್ಥಿನಿಯರು ತರಬೇತಿಗೆ ಹೋಗುತ್ತಿದ್ದ ವಾರ್ಡೊಂದರ ದಾಖಲೆಯಲ್ಲಿ ಪುಟಗಟ್ಟಲೆ 120/80, 130/80, 110/70 ಎಂದೇ ಇತ್ತು. ಮಾಪಕದ ಡಯಲಿನಲ್ಲಿ ಎರಡೆರಡು ಮಿಲಿಮೀಟರಿಗೆ (ರಕ್ತದೊತ್ತಡವನ್ನು ಪಾದರಸದ ಮಿಲಿಮೀಟರಿನಲ್ಲಿ ಎಣಿಸುತ್ತಾರೆ) ಒಂದು ಗೆರೆ ಇರುವಾಗ ಎಲ್ಲರ ಒತ್ತಡವೂ ಸೊನ್ನೆಗೆ ಮುಗಿಯುವುದು ಹೇಗೆ? ಹಾಗಾಗಿ ಎರಡು ಜೋಡಿ ಕಿವಿತುದಿಗಳಿರುವ ಬೋಧನೆಯ ಸ್ಟೆತಸ್ಕೋಪನ್ನು ತರಿಸಿದೆ. ಒಂದೇ ಸದ್ದನ್ನು ಇಬ್ಬರು ಕೇಳಬೇಕು, ಬೇರೆ ಬೇರೆ ಚೀಟಿಯಲ್ಲಿ ಬರೆಯಬೇಕು, ಆಮೇಲೆ ಎರಡನ್ನೂ ತೆರೆದು ನೋಡಬೇಕು. ಮೊದಲ ದಿನ ಹಲವು ಚೀಟಿಗಳ ನಡುವೆ ಹತ್ತಕ್ಕೂ ಹೆಚ್ಚು ಅಂತರವಿತ್ತು. ಕಾರಣ ಬಹುಮಟ್ಟಿಗೆ ಅವಸರ: ಸೆಕೆಂಡಿಗೆ 2ರಿಂದ 3 ಮಿಲಿಮೀಟರಿನಂತೆ ಇಳಿಯಬೇಕಾದ ಮುಳ್ಳನ್ನು ಅವರು ಒಮ್ಮೆಗೇ ಕೆಡವುತ್ತಿದ್ದರು. ಇದಲ್ಲದೆ ದಪ್ಪ ತೋಳಿಗೆ ಸಣ್ಣ ಕಫ್ ಸುತ್ತುವುದು, ಆಸರೆಯಿಲ್ಲದ ತೋಳು ಹೃದಯದ ಮಟ್ಟಕ್ಕಿಂತ ಕೆಳಗೆ ಇಳಿಬೀಳುವುದು, ರೋಗಿಯನ್ನು ಮಾತಾಡಿಸುತ್ತಲೇ ಅಳೆಯುವುದು ನಡೆದೇ ಇದ್ದವು. ಈ ಕೊನೆಯ ಮೂರೂ ಇಲ್ಲದ ಒತ್ತಡವನ್ನು ಇದೆಯೆಂದು ತೋರಿಸುತ್ತವೆ.

ಈ ಅಭ್ಯಾಸಕ್ಕೆ ಒಂದು ದಿನ ನನ್ನ ತೋಳನ್ನೇ ಕೊಟ್ಟೆ. ಇಬ್ಬರ ಚೀಟಿಗಳಲ್ಲಿ 150/96, 148/94 ಎಂದು ಬಂದಾಗ, ಕಫ್ ಸಡಿಲವಾಗಿದೆಯೆಂದು ಗದರಿದೆ. ಅವರಲ್ಲಿ ಮೆತ್ತಗಿನವಳೆಂದು ನಾನು ತಿಳಿದಿದ್ದ ಹುಡುಗಿ, "ಮೇಡಂ, ನೀವು ಮಾತಾಡಬ್ಯಾಡ್ರಿ. ಬೆನ್ನು ಕುರ್ಚಿಗಿ ಹಚ್ಚಿ ಐದು ನಿಮಿಷ ಸುಮ್ನ ಕೂಡ್ರಿ" ಎಂದು ನಾನು ಕಲಿಸಿದ್ದನ್ನೇ ನನಗೆ ಒಪ್ಪಿಸಿದಳು. ಎರಡನೆಯ ಸಲ ಎರಡೂ ಚೀಟಿಗಳಲ್ಲಿ 146/92 ಇತ್ತು. ಮುಂದಿನ ವಾರದ ಅಳತೆಗಳೂ ಅಲ್ಲಿಯೇ ನಿಂತದ್ದರಿಂದ ವೈದ್ಯರು ಮಾತ್ರೆ ಆರಂಭಿಸಿದರು.

ಅಂದು ಸಂಜೆ ಹೊಸ ಉಪ್ಪಿನ ಪಾಕೀಟನ್ನು ಒಡೆದು ಅದರ ಮೇಲೆ ಪೆನ್ನಿನಿಂದ ತಾರೀಖು ಬರೆದೆ. ನಮ್ಮ ಮನೆಯಲ್ಲಿ ಉಣ್ಣುವವರು ಇಬ್ಬರೇ. ಅದು 100 ದಿನ ಬರಬೇಕಿತ್ತು. 61ನೆಯ ದಿನ ಮುಗಿಯಿತು.