ಫೈಬರ್ ಬಾಡಿ ರಿಪೇರಿಗೆ ಯಾವ ರೆಸಿನ್, ಯಾವ ಬಟ್ಟೆ? ಬಳ್ಳಾರಿ ಬಿಸಿಲಿನಲ್ಲಿ ನನ್ನ ಅನುಭವ

ಬಳ್ಳಾರಿಯಲ್ಲಿ ಟಿಂಕರಿಂಗ್ ಅಂದ್ರೆ ತಗಡಿನ ಕೆಲಸವೇ ಜಾಸ್ತಿ. ಹಾಗಾಗಿ ಹಳೇ ಸಿಪಾನಿ ಡಾಲ್ಫಿನ್ ನನ್ನ ಶೆಡ್ಡಿಗೆ ಬಂದಾಗ ತುಂಬಾ ಖುಷಿಯಾಯಿತು. 1980ರ ದಶಕದಲ್ಲಿ ನಮ್ಮ ಬೆಂಗಳೂರಿನ ಕಂಪನಿ ಮಾಡಿದ ಕಾರು, ಬಾಡಿ ಫೈಬರಿನದು, ಅಂದರೆ ಗಾಜಿನ ನಾರಿಗೆ ರೆಸಿನ್ ಎಂಬ ಗಟ್ಟಿಯಾಗುವ ಅಂಟುದ್ರವ ಹಾಕಿ ಮಾಡಿದ್ದು. ಮುಂದಿನ ಮಡ್‌ಗಾರ್ಡ್ ಬಿರುಕು ಬಿಟ್ಟಿತ್ತು. ಬಾಗಿಲಿನ ಹಿಂಜ್ ಬೋಲ್ಟು ಕೂರುವ ಜಾಗವೂ ಸೀಳಿತ್ತು.

"ಪುಟ್ಟಿ ಮೆತ್ತಿ ಪೇಂಟ್ ಹೊಡೀರಿ, ಸಾಕು" ಅಂದರು ಮಾಲೀಕರು. ನಾನು ಒಪ್ಪಲಿಲ್ಲ. ಬರೀ ಪುಟ್ಟಿಯಲ್ಲಿ ನಾರಿರುವುದಿಲ್ಲ. ಗಾಡಿ ಅದುರಿದರೆ ಅದೇ ಗೆರೆಯಲ್ಲಿ ಮತ್ತೆ ಸೀಳುತ್ತದೆ.

ಮಡ್‌ಗಾರ್ಡಿಗೆ ಪಾಲಿಯೆಸ್ಟರ್ ರೆಸಿನ್, 300 ಜಿಎಸ್‌ಎಂ (ಚದರ ಮೀಟರಿಗೆ 300 ಗ್ರಾಂ) ಚಾಪ್ಡ್ ಮ್ಯಾಟ್, ಅಂದರೆ ತುಂಡು ಗಾಜಿನ ಎಳೆಗಳ ಹಾಳೆ, ತಗೊಂಡೆ. ಬೆಲೆ ಕಮ್ಮಿ, ತಿರುವುಗಳಿಗೂ ಚೆನ್ನಾಗಿ ಒಗ್ಗುತ್ತದೆ. ಮ್ಯಾಟಿನ ಎಳೆಗಳನ್ನು ಹಿಡಿದಿಡುವ ಅಂಟು ಪಾಲಿಯೆಸ್ಟರಿನೊಳಗಿನ ಸ್ಟೈರೀನ್ ಎಂಬ ದ್ರವದಲ್ಲಿ ಕರಗುತ್ತದೆ, ಆಗ ಮ್ಯಾಟ್ ಮೆತ್ತಗಾಗಿ ಕೂರುತ್ತದೆ. ಎಪಾಕ್ಸಿ ಎಂಬ ಇನ್ನೊಂದು ಬಗೆಯ ರೆಸಿನ್‌ನಲ್ಲಿ ಸ್ಟೈರೀನ್ ಇಲ್ಲ. ಅದಕ್ಕೇ ಎಪಾಕ್ಸಿಗೆ ನೇಯ್ದ ಗ್ಲಾಸ್ ಬಟ್ಟೆಯೇ ಸರಿ. ಹಿಂಜ್ ಜಾಗಕ್ಕೆ ಎಪಾಕ್ಸಿ, ಆ ಬಟ್ಟೆಯನ್ನೇ ಹಾಕಿದೆ. ಅಲ್ಲಿ ಬಾಗಿಲಿನ ಭಾರವೆಲ್ಲ ಬೀಳುತ್ತದೆ, ದುಡ್ಡು ಉಳಿಸುವ ಜಾಗ ಅಲ್ಲ. ಎಪಾಕ್ಸಿ ಹಳೇ ಪಾಲಿಯೆಸ್ಟರಿನ ಮೇಲೆ ಗಟ್ಟಿಯಾಗಿ ಹಿಡಿಯುತ್ತದೆ. ಆದರೆ ಒಣಗಿದ ಎಪಾಕ್ಸಿ ಮೇಲೆ ಪಾಲಿಯೆಸ್ಟರ್ ಅಷ್ಟು ಚೆನ್ನಾಗಿ ಹಿಡಿಯಲ್ಲ. ಯಾವ ಜಾಗಕ್ಕೆ ಯಾವುದು ಅಂತ ಮೊದಲೇ ತೀರ್ಮಾನ ಮಾಡಬೇಕು.

ನಮ್ಮೂರಿನಲ್ಲಿ ಎರಡು ಕಾಟ: ಬಿಸಿಲು, ಅದಿರಿನ ಕೆಂಪು ಧೂಳು. ಬಿರುಕಿನ ಸುತ್ತ ದಪ್ಪದ 12 ಪಟ್ಟು ಅಗಲಕ್ಕೆ ಓರೆಯಾಗಿ ಗ್ರೈಂಡ್ ಮಾಡಿದೆ. 3 ಮಿ.ಮೀ. ದಪ್ಪಕ್ಕೆ 36 ಮಿ.ಮೀ. ಆಯಿತು. ಆಮೇಲೆ ಅಸಿಟೋನ್‌ನಲ್ಲಿ ಒರೆಸಿ, ಅದು ಆರಿದ ಕೂಡಲೇ ಮ್ಯಾಟ್ ಹಾಕಿದೆ. ಸುಮ್ನೆ ಬಿಟ್ಟು ಊಟಕ್ಕೆ ಹೋದರೆ ಧೂಳು ಕೂತಿರುತ್ತದೆ.

ಪಾಲಿಯೆಸ್ಟರಿಗೆ ಹಾರ್ಡನರ್ (ರೆಸಿನ್ ಗಟ್ಟಿಯಾಗಲು ಬೆರೆಸುವ ದ್ರವ) ಸಾಮಾನ್ಯವಾಗಿ ರೆಸಿನ್ ತೂಕದ 1ರಿಂದ 2 ಪರ್ಸೆಂಟ್. ಸೆಕೆಗೆ ಬೇಗ ಗಟ್ಟಿಯಾಗುತ್ತದೆ, ಅದಕ್ಕೇ ಏಪ್ರಿಲಿನಲ್ಲಿ ನಾನು 1ರ ಹತ್ತಿರವೇ ಇರುತ್ತೇನೆ. ಅದಕ್ಕಿಂತ ಕೆಳಗೆ ಇಳಿಸಲ್ಲ, ಪೂರ್ತಿ ಗಟ್ಟಿಯಾಗದೆ ಉಳಿದೀತು. ಸ್ವಲ್ಪ ಸ್ವಲ್ಪ ಕಲಸಿ, ಬೆಳಿಗ್ಗೆ ತಂಪಿನಲ್ಲೇ ಮುಗಿಸುತ್ತೇನೆ. ಎಪಾಕ್ಸಿಯಲ್ಲಿ ಈ ಆಟ ನಡೆಯಲ್ಲ. ಡಬ್ಬಿಯ ಮೇಲಿನ ಅಳತೆ ತಪ್ಪುವ ಹಾಗಿಲ್ಲ. ಸೆಕೆಗೆ ನಿಧಾನದ ಹಾರ್ಡನರೇ ಕೇಳಿ ತರಬೇಕು.

ಇನ್ನೊಂದು ಮಾತು, ದಯವಿಟ್ಟು ಗಮನಿಸಿ. ಪಾಲಿಯೆಸ್ಟರಿನ ಹಾರ್ಡನರ್ ಮತ್ತು ಕೋಬಾಲ್ಟ್ (ರೆಸಿನ್ ಬೇಗ ಗಟ್ಟಿಯಾಗಿಸುವ ದ್ರಾವಣ) ಎರಡನ್ನೂ ನೇರವಾಗಿ ಬೆರೆಸಲೇಬೇಡಿ. ಬೆಂಕಿ ಹತ್ತುತ್ತದೆ, ಸಿಡಿಯಲೂಬಹುದು. ಕೋಬಾಲ್ಟ್ ಮೊದಲೇ ಸೇರಿಸಿದ ರೆಸಿನ್ ಸಿಗುತ್ತದೆ, ಅದನ್ನೇ ತಗೊಳ್ಳಿ. ಹಾರ್ಡನರ್ ಕಣ್ಣಿಗೆ ಸಿಡಿದರೆ ದೃಷ್ಟಿಗೇ ಅಪಾಯ. ಕನ್ನಡಕ ಇಲ್ಲದೆ ನನ್ನ ಹುಡುಗರಿಗೆ ಡಬ್ಬಿ ಮುಟ್ಟಲೂ ಬಿಡಲ್ಲ. ಗ್ರೈಂಡಿಂಗಿಗೆ ಮಾಸ್ಕ್ ಬೇಕೇ ಬೇಕು.

ಬಂಪರ್ ತಂದವರಿಗೆ ಮೊದಲು ಹಿಂಬದಿ ತಿರುಗಿಸಿ ನೋಡಲು ಹೇಳುತ್ತೇನೆ. ಎಳೆಗಳು ಕಂಡರೆ ಫೈಬರ್. ಪಿಪಿ (PP) ಅಂತ ಅಚ್ಚಿದ್ದರೆ ಅದು ಪಾಲಿಪ್ರೊಪಿಲೀನ್ ಪ್ಲಾಸ್ಟಿಕ್, ಈ ರೆಸಿನ್‌ಗಳು ಅದಕ್ಕೆ ಅಂಟಲ್ಲ. ಪಾಲಿಯೆಸ್ಟರ್ ರೆಸಿನ್ ಕೊಳ್ಳುವಾಗ ತಯಾರಾದ ತಾರೀಖು ನೋಡಿ, ಅಂಗಡಿಯ ಹೊರಗೆ ಬಿಸಿಲಿಗೆ ಇಟ್ಟ ಡಬ್ಬಿ ಬೇಡ ಅನ್ನಿ. ಬಿಸಿಗೆ ಅದು ಡಬ್ಬಿಯಲ್ಲೇ ಗಟ್ಟಿಯಾಗಲು ಶುರುವಾಗಿರುತ್ತದೆ.