ನಂಬಿಕೆಯ ಸಮೀಕ್ಷೆ: ಮೊದಲು ನಡೆ ಕೇಳಿ, ಕೊನೆಗೆ ಧರ್ಮ

‘ದೇವರ ಮೇಲೆ ನಂಬಿಕೆ ಇದೆಯೇ?’ ಎಂದು ಬಾಗಿಲಲ್ಲಿ ನಿಂತು ಕೇಳಿದರೆ ಇಲ್ಲ ಎನ್ನುವವರು ಸಿಗುವುದು ಅಪರೂಪ. ಆ ಉತ್ತರದಿಂದ ತಿಳಿಯುವುದೂ ಅಷ್ಟಕ್ಕಷ್ಟೆ. ಕಲಬುರಗಿ ಜಿಲ್ಲೆಯಲ್ಲಿ 40ರಿಂದ 59 ವರ್ಷದವರ ಧಾರ್ಮಿಕ ನಂಬಿಕೆ, ಆಚರಣೆಗಳ ಸಮೀಕ್ಷೆಗೆ ಹೊರಟರೆ ಅದು ಗೆಲ್ಲುವುದು, ಸೋಲುವುದು ಪ್ರಶ್ನೆಗಳಲ್ಲೇ.

ಲೆಕ್ಕ ಮೊದಲು ಮುಗಿಸೋಣ. ಶೇ 95ರ ವಿಶ್ವಾಸಮಟ್ಟದಲ್ಲಿ (ಅಂದರೆ ಇಂಥ ನೂರು ಸಮೀಕ್ಷೆ ಮಾಡಿದರೆ ಸುಮಾರು 95ರಲ್ಲಿ) ಉತ್ತರ ನಿಜಕ್ಕಿಂತ ಶೇ 5ರಷ್ಟು ಆಚೀಚೆ ಇದ್ದರೆ ಸಾಕೆಂದರೆ 384 ಮಂದಿ ಬೇಕು. ಒಂದೇ ಓಣಿಯವರ ಆಚರಣೆಗಳು ಹೆಚ್ಚೂಕಡಿಮೆ ಒಂದೇ ತೆರನಾಗಿರುವುದರಿಂದ ಪ್ರತಿಯೊಬ್ಬರಿಂದ ಹೊಸದಾಗಿ ತಿಳಿಯುವುದು ಕಡಿಮೆ; ಅದಕ್ಕೇ ಒಂದೂವರೆ ಪಟ್ಟು ಮಾಡಿ: 576. ಹತ್ತರಲ್ಲೊಬ್ಬರು ಸಿಗುವುದಿಲ್ಲ ಎಂದು ಹಿಡಿದರೆ 640. ಹಳ್ಳಿ, ವಾರ್ಡು ಸೇರಿ 32 ಕಡೆ, ತಲಾ 20 ಮನೆ. ಮನೆಯಲ್ಲಿ ಈ ವಯಸ್ಸಿನವರ ಹೆಸರು ಬರೆದು, ಚೀಟಿ ಎತ್ತಿ ಒಬ್ಬರನ್ನು ಆರಿಸಿ. ಕಣ್ಣಿಗೆ ಬಿದ್ದವರನ್ನೇ ಮಾತಾಡಿಸಿದರೆ ಹಗಲು ಮನೆಯಲ್ಲಿರುವವರ ಸಮೀಕ್ಷೆ ಆದೀತು. ತೊಗರಿ ರಾಶಿಯ ದಿನಗಳಲ್ಲಿ ಅವರೂ ಸಿಗಲಿಕ್ಕಿಲ್ಲ.

ವಯಸ್ಸು ಕೇಳಿದರೆ 40, 45, 50 ಎಂದು ದುಂಡು ಸಂಖ್ಯೆಗಳೇ ಬರುತ್ತವೆ. ತಾಳೆ ನೋಡಲು 1993ರ ಸೆಪ್ಟೆಂಬರ್ 30ರ ನಸುಕಿನಲ್ಲಿ ನೆರೆಯ ಮಹಾರಾಷ್ಟ್ರದ ಕಿಲ್ಲಾರಿಯಲ್ಲಾದ ಭೂಕಂಪ ನೆನಪಿಸಿ: ‘ಆಗ ಸಾಲಿಗೆ ಹೋಗ್ತಿದ್ರೇನ್ರಿ, ಲಗ್ನ ಆಗಿತ್ತೇನ್ರಿ?’

ಈಗ ಮುಖ್ಯ ಭಾಗ. ‘ದಿನಾ ಪೂಜೆ ಮಾಡುತ್ತೀರಾ?’ ಎಂದರೆ ಮಾಡಬೇಕಾದ್ದನ್ನು ಹೇಳುತ್ತಾರೆ, ಮಾಡಿದ್ದನ್ನಲ್ಲ. ‘ಕಳೆದ 7 ದಿನಗಳಲ್ಲಿ ಎಷ್ಟು ದಿನ?’ ಎನ್ನಿ. ಗುಡಿ, ಮಸೀದಿಗೆ ಹೋದ ಲೆಕ್ಕವೊಂದೇ ಅಳತೆಗೋಲಾದರೆ ಮನೆಯಲ್ಲೇ ನಮಾಜ್ ಮಾಡುವ ಹೆಂಗಸರೂ ಅಂಗೈಯಲ್ಲಿ ಇಷ್ಟಲಿಂಗ ಹಿಡಿದು ಪೂಜಿಸುವವರೂ ಸೊನ್ನೆಯಾಗುತ್ತಾರೆ. ಯಾತ್ರೆ, ದರ್ಶನಕ್ಕೆ ಅವಧಿ 12 ತಿಂಗಳು. ಶರಣಬಸವೇಶ್ವರ ಗುಡಿ, ಬಂದೇನವಾಜ್ ದರ್ಗಾ, ಗಾಣಗಾಪುರದ ದತ್ತ ಕ್ಷೇತ್ರ, ಬುದ್ಧವಿಹಾರ: ಈ ಪಟ್ಟಿಯನ್ನು ಎಲ್ಲರ ಮುಂದೆಯೂ ಪೂರ್ತಿ ಓದಿ. ಧರ್ಮವನ್ನು ಮೊದಲೇ ಗುರುತಿಸಿ, ಪ್ರಶ್ನೆ ತೋರಿಸುವ ಮೊಬೈಲ್ ಆ್ಯಪ್ ‘ಇವರಿಗೆ ದರ್ಗಾ ಪ್ರಶ್ನೆ ಬೇಡ’ ಎಂದು ದಾಟಿಸಿಬಿಟ್ಟರೆ ದರ್ಗಾಕ್ಕೆ ಸಕ್ಕರೆ ಒಯ್ದು ಪ್ರಾರ್ಥನೆ ಓದಿಸುವ ಹಿಂದೂ ಮನೆಗಳೇ ಕಾಣೆ! ಧರ್ಮದ ಪ್ರಶ್ನೆ ಕೊನೆಗಿರಲಿ. ಲಿಂಗಾಯತ, ವೀರಶೈವ, ಹಿಂದೂ, ಅವರು ಹೇಳಿದ ಪದವನ್ನೇ ಬರೆಯಿರಿ, ತಿದ್ದಬೇಡಿ.

ಉರ್ದು, ಲಂಬಾಣಿ ಮಾತಾಡುವವರ ಮನೆಗಳಿಗೆ ಪ್ರಶ್ನೆಗಳನ್ನು ಅನುವಾದಿಸಿ, ಮೂಲ ನೋಡದ ಇನ್ನೊಬ್ಬರಿಂದ ಮತ್ತೆ ಕನ್ನಡಕ್ಕೆ ತರಿಸಿ ಹೋಲಿಸಿ. 25 ಮಂದಿಯ ಮೇಲೆ ಪ್ರಯೋಗಿಸಿದ ಮೇಲಷ್ಟೇ ಅಂತಿಮಗೊಳಿಸಿ. ಶ್ರಾವಣ, ರಂಜಾನ್ ತಿಂಗಳು ಬೇಡ; 7 ದಿನಗಳ ಲೆಕ್ಕ ಉಬ್ಬಿಹೋಗುತ್ತದೆ. ಅಕ್ಕಪಕ್ಕದವರು ಕಟ್ಟೆಗೆ ಬಂದು ಕುಳಿತರೆ ಧರ್ಮದ ಮಾತು ನಿಲ್ಲಿಸಿ, ಬೆಳೆಯ ಮಾತೆತ್ತಿ. ಹೆಸರು, ಫೋನ್ ನಂಬರ್ ಬೇರೆ ಹಾಳೆಯಲ್ಲಿರಲಿ, ಉತ್ತರದ ಹಾಳೆಯಲ್ಲಿ ಬರೀ ಸಂಕೇತ ಸಂಖ್ಯೆ. ಮೇಲ್ವಿಚಾರಕರು 64 ಮನೆಗಳಿಗೆ ಮತ್ತೆ ಫೋನ್ ಮಾಡಿ ವಯಸ್ಸನ್ನೂ ಸಂದರ್ಶನ ನಡೆದ ದಿನವನ್ನೂ ಖಚಿತಪಡಿಸಿಕೊಂಡು, ಆಮೇಲೆ ಆ ಹೆಸರಿನ ಹಾಳೆಯನ್ನು ಬೀಗದೊಳಗೆ ಇಡಲಿ.